ಐದು ದೇಶ, ಒಂದು ದಿನ, ಹಿಂದಿನ ಸೀಟು

ನೌಕರಿಯ ಹೆಚ್ಚಿನ ವರ್ಷಗಳನ್ನು ನಾನು ಕಳೆದದ್ದು ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡಿದ್ದ ಒಂದು ತೆರಿಗೆ ಚೆಕ್‌ಪೋಸ್ಟಿನಲ್ಲಿ. ರಸ್ತೆಗೆ ಅಡ್ಡಗಂಬ, ಪಕ್ಕದಲ್ಲಿ ತಗಡಿನ ಕೋಣೆ, ಒಳಗೆ ಒಂದು ಮೇಜು, ಮೇಜಿನ ಮೇಲೆ ಮುದ್ರೆ, ಶಾಯಿ ಪ್ಯಾಡು. ಲಾರಿ ಬಂದು ನಿಂತರೆ ಡ್ರೈವರ್ ಇಳಿದು ಬಂದು ಕಾಗದ ಕೊಡಬೇಕು, ನಾನು ನೋಡಿ ಮುದ್ರೆ ಒತ್ತಬೇಕು, ಆಮೇಲೆ ಗಂಬ ಮೇಲೇಳಬೇಕು. ಗಡಿ ಎಂದರೆ ಇವತ್ತಿಗೂ ನನ್ನ ಕಣ್ಣ ಮುಂದೆ ಬರುವುದು ಆ ಗಂಬ, ಅದರ ಆಚೆ ಸಾಲುಗಟ್ಟಿ ನಿಂತ ಲಾರಿಗಳು.

ಇಂಥವನನ್ನು ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಗಳು ಒಂದೇ ದಿನದಲ್ಲಿ ಐದು ದೇಶ ಸುತ್ತಿಸಿದಳು.

ಮಗಳು ಇರುವುದು ಜರ್ಮನಿಯ ಪಶ್ಚಿಮದ ಅಂಚಿನ ಆಖೆನ್ ಊರಿನಲ್ಲಿ. ಓದಲಿಕ್ಕೆ ಹೋದವಳು ಅಲ್ಲೇ ಕೆಲಸಕ್ಕೆ ಸೇರಿದಳು. 2025ರ ಮೇ ತಿಂಗಳಲ್ಲಿ ನಾನೂ ನನ್ನಾಕೆಯೂ ಅವಳಲ್ಲಿಗೆ ಹೋಗಿದ್ದೆವು. ಮನೆಯ ಮುಂದೆ ಅವಳ ಬೈಕು ನಿಂತಿತ್ತು. ರಾಯಲ್ ಎನ್‌ಫೀಲ್ಡ್, 650 ಸಿಸಿ. ತಮಿಳುನಾಡಿನ ಕಾರ್ಖಾನೆಯಲ್ಲಿ ತಯಾರಾದ ಗಾಡಿ, ನನಗಿಂತ ಮೊದಲೇ ಯುರೋಪ್ ನೋಡಿತ್ತು. ಇದೇ ಹುಡುಗಿ ಕಾಲೇಜಿಗೆ ಹೋಗುವಾಗ ಬೈಕ್ ಕಲಿಯುತ್ತೇನೆ ಎಂದು ಹಟ ಹಿಡಿದಾಗ, "ಹುಡುಗ್ಯಾರಿಗೆ ಸ್ಕೂಟಿ ಸಾಕು" ಎಂದು ಬಾಯಿ ಮುಚ್ಚಿಸಿದವನು ನಾನು. ಅವಳು ಅದನ್ನು ಮರೆತಂತಿರಲಿಲ್ಲ. ಅಲ್ಲಿ ದೊಡ್ಡ ಬೈಕಿನ ಲೈಸೆನ್ಸ್ ಸುಮ್ಮನೆ ಸಿಗುವುದಿಲ್ಲ. ಪ್ರಥಮ ಚಿಕಿತ್ಸೆಯ ತರಬೇತಿ ಆಗಬೇಕು, ಲಿಖಿತ ಪರೀಕ್ಷೆ ಪಾಸಾಗಬೇಕು. ಜೊತೆಗೆ ಹಳ್ಳಿ ರಸ್ತೆಯಲ್ಲಿ ಐದು ಪಾಠ, ಹೆದ್ದಾರಿಯಲ್ಲಿ ನಾಲ್ಕು, ಕತ್ತಲಲ್ಲಿ ಮೂರು ಕಡ್ಡಾಯ. ಇದನ್ನೆಲ್ಲ ಅವಳು ನನಗೆ ಎರಡು ಸಲ ಹೇಳಿದಳು. ಎರಡನೇ ಸಲ ಬೇಕೆಂದೇ ಹೇಳಿದ್ದು.

ಅವಳ ಲೆಕ್ಕ ಹೀಗಿತ್ತು. ಅಟ್ಲಾಸ್ ಇದ್ದರೆ ತೆಗೆದು ನೋಡಿ. ಆಖೆನ್ ಪಕ್ಕದಲ್ಲೇ ಜರ್ಮನಿ, ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಮೂರೂ ಸೇರುವ ಜಾಗವಿದೆ. ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ಬೆಲ್ಜಿಯಂ, ಜರ್ಮನಿ, ಲಕ್ಸೆಂಬರ್ಗ್ ಸೇರುವ ಇನ್ನೊಂದು ಮೂಲೆ. ಇನ್ನೂ ಕೆಳಗೆ ಲಕ್ಸೆಂಬರ್ಗ್, ಜರ್ಮನಿ, ಫ್ರಾನ್ಸ್ ಸೇರುವ ಮೂರನೆಯದು, ಅದೇ ಷೆಂಗೆನ್. ನಮ್ಮ ವೀಸಾದ ಮೇಲೆ ಹೆಸರಿರುವ ಊರು. ಹೆದ್ದಾರಿ ಬಿಟ್ಟು ಸಣ್ಣ ರಸ್ತೆಗಳಲ್ಲೇ ಹೋದರೆ ಸುಮಾರು 240 ಕಿಲೋಮೀಟರ್. ಬೆಳಿಗ್ಗೆ ಹೊರಟರೆ ಸಂಜೆಗೆ ಷೆಂಗೆನ್, ರಾತ್ರಿ ಹೆದ್ದಾರಿಯಲ್ಲಿ ವಾಪಸ್.

ಹೊರಡುವ ಮೊದಲು ಬಟ್ಟೆಯದೇ ಒಂದು ಪ್ರಕರಣ. ಬೆಲ್ಜಿಯಮ್ಮಿನಲ್ಲಿ ಬೈಕ್ ಓಡಿಸುವವರಿಗೆ ಮಾತ್ರವಲ್ಲ, ಹಿಂದೆ ಕೂರುವವರಿಗೂ ಕೈಗವಸು, ತುಂಬುತೋಳಿನ ಜಾಕೆಟ್, ಉದ್ದ ಪ್ಯಾಂಟು, ಹರಡು ಮುಚ್ಚುವ ಬೂಟು ಕಡ್ಡಾಯ. ನನ್ನ ಕ್ಯಾನ್ವಾಸ್ ಬೂಟು ನಡೆಯುವುದಿಲ್ಲ ಎಂದು ಮಗಳು ತನ್ನ ಸಹೋದ್ಯೋಗಿಯೊಬ್ಬರ ಬೂಟು, ಜಾಕೆಟ್ ತಂದಳು. ಜಾಕೆಟ್ ನನ್ನ ಹೊಟ್ಟೆಯ ಮೇಲೆ ಬಿಗಿ. ಸೊಂಟಕ್ಕೆ ಕಟ್ಟಿಕೊಂಡ ಪೌಚಿನಿಂದಾಗಿ ಜಿಪ್ ಏರಲಿಲ್ಲ. ಪೌಚು ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ ಜಿಪ್ ಎಳೆದೆ. ನನ್ನಾಕೆ ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ಬೈಕಿನ ತಂಟೆಗೆ ನಾನು ಬರುವುದಿಲ್ಲ ಎಂದು ಅವಳು ಹಿಂದಿನ ದಿನವೇ ಘೋಷಿಸಿದ್ದಳು.

"ಅಪ್ಪಾ, ನಾ ಯಾವ ಕಡೆ ವಾಲತೀನೋ ನೀನೂ ಅದೇ ಕಡೆ ವಾಲಬೇಕು. ಉಲ್ಟಾ ಮಾಡಬ್ಯಾಡ." ಹೆಲ್ಮೆಟ್ಟಿನ ಒಳಗಿನ ಸ್ಪೀಕರಿನಲ್ಲಿ ಮಗಳ ದನಿ ಕೇಳಿತು. ಏಳೂವರೆಗೆ ಹೊರಟೆವು.

ಹತ್ತು ಹದಿನೈದು ನಿಮಿಷಕ್ಕೆ ಮನೆಗಳ ಮುಂದಿನ ಕಾರುಗಳ ನಂಬರ್ ಪ್ಲೇಟು ಬಿಳಿಯಿಂದ ಹಳದಿಯಾದವು. "ನೆದರ್‌ಲ್ಯಾಂಡ್ಸ್ ಬಂತು" ಅಂದಳು. ಎಲ್ಲಿ ಬಂತು? ನಾನು ಗಂಬ ಹುಡುಕಿದೆ, ಕೋಣೆ ಹುಡುಕಿದೆ. ಒಂದು ಬೇಕರಿ ಇತ್ತು, ನಾಯಿ ತಿರುಗಾಡಿಸುವ ಅಜ್ಜಿ ಇದ್ದಳು. ಅಷ್ಟೇ. ಗಡಿ ದಾಟಿದ್ದನ್ನು ತಿಳಿಯಲು ಮಗಳು ಮೂರು ಗುರುತು ಹೇಳಿಕೊಟ್ಟಳು, ಮಕ್ಕಳಿಗೂ ಇಷ್ಟವಾಗಬಹುದು. ಮೊದಲನೆಯದು ನಂಬರ್ ಪ್ಲೇಟು: ಬೆಲ್ಜಿಯಮ್ಮಿನದರಲ್ಲಿ ಬಿಳಿಯ ಮೇಲೆ ಕೆಂಪು ಅಕ್ಷರ. ಎರಡನೆಯದು ಅಂಚೆ ಡಬ್ಬಿ: ಜರ್ಮನಿಯಲ್ಲಿ ಹಳದಿ, ನೆದರ್‌ಲ್ಯಾಂಡ್ಸಿನಲ್ಲಿ ಕಿತ್ತಳೆ, ಬೆಲ್ಜಿಯಮ್ಮಿನಲ್ಲಿ ಕೆಂಪು. ಮೂರನೆಯದು ಊರ ಹೊರಗಿನ ರಸ್ತೆಯ ವೇಗದ ಮಿತಿ: ಜರ್ಮನಿಯಲ್ಲಿ ಸಾಮಾನ್ಯವಾಗಿ 100, ನೆದರ್‌ಲ್ಯಾಂಡ್ಸಿನಲ್ಲಿ 80, ಬೆಲ್ಜಿಯಮ್ಮಿನ ಈ ಭಾಗದಲ್ಲಿ 90.

ವಾಲ್ಸ್ ಎಂಬ ಊರಿನಿಂದ ಮೇಲೇರುವ ರಸ್ತೆಯ ಹೆಸರಿನ ಅರ್ಥ "ನಾಲ್ಕು ಗಡಿಗಳ ದಾರಿ". ಬೆಟ್ಟದ ಮೇಲೆ ಸೇರುವುದು ಮೂರೇ ದೇಶ. ನಾಲ್ಕನೆಯದು ಎಲ್ಲಿ ಹೋಯಿತು ಎಂದು ಕೇಳಿದರೆ ಅದೊಂದು ದೊಡ್ಡ ಕಥೆ. ಅಂದಹಾಗೆ, ಬೆಟ್ಟ ಅಂದೆನಲ್ಲ, ಅದರ ಎತ್ತರ 322 ಮೀಟರ್. ಯುರೋಪಿನೊಳಗಿನ ನೆದರ್‌ಲ್ಯಾಂಡ್ಸಿಗೆ ಅದೇ ಅತಿ ಎತ್ತರದ ಜಾಗವಂತೆ. ನಮ್ಮ ಕಡೆ ಇದನ್ನು ದಿಬ್ಬ ಅನ್ನುತ್ತೇವೆ.

ನೆಪೋಲಿಯನ್ ಸೋತ ಮೇಲೆ ಈ ಭಾಗವನ್ನು ಪ್ರಷ್ಯವೂ ನೆದರ್‌ಲ್ಯಾಂಡ್ಸೂ ಹಂಚಿಕೊಂಡವು. ಬೆಟ್ಟದ ಬುಡದಲ್ಲಿ ಒಂದು ಸತುವಿನ ಗಣಿ ಇತ್ತು. ಇಬ್ಬರಿಗೂ ಅದು ಬೇಕು, ಇಬ್ಬರೂ ಬಿಟ್ಟುಕೊಡರು. ಕೊನೆಗೆ 1816ರಲ್ಲಿ ಗಣಿ ಇದ್ದ ಸುಮಾರು ಮೂರೂವರೆ ಚದರ ಕಿಲೋಮೀಟರ್ ಚೂರನ್ನು ಯಾರದೂ ಅಲ್ಲ, ಇಬ್ಬರದೂ ಹೌದು ಎಂದು ಬಿಟ್ಟರು. ಹೆಸರು ತಟಸ್ಥ ಮೊರೆಸ್ನೆಟ್. ತಾತ್ಕಾಲಿಕ ಏರ್ಪಾಡು ನೂರು ವರ್ಷಕ್ಕೂ ಹೆಚ್ಚು ಬಾಳಿತು. (ಸರ್ಕಾರಿ ನೌಕರನಾದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.) ಅದಿರು 1885ರಲ್ಲಿ ಮುಗಿದರೂ ಊರು ಉಳಿಯಿತು. ಅಲ್ಲಿನ ಡಾಕ್ಟರ್ ವಿಲ್ಹೆಲ್ಮ್ ಮೋಲಿ ಎಂಬವರು 1908ರಲ್ಲಿ ಇದನ್ನು ಎಸ್ಪೆರಾಂಟೊ ಭಾಷೆಯ ದೇಶ ಮಾಡೋಣ ಎಂದು ಹೊರಟರು. ಅದಕ್ಕೆ ಇಟ್ಟ ಹೆಸರು ಅಮಿಕೇಯೊ, ಸ್ನೇಹದ ತಾಣ ಎಂದರ್ಥ. ಮೊದಲ ಮಹಾಯುದ್ಧ ಬಂತು, ಕನಸು ಅಲ್ಲಿಗೇ ನಿಂತಿತು. 1920ರಲ್ಲಿ ಊರು ಬೆಲ್ಜಿಯಮ್ಮಿನ ಪಾಲಾಯಿತು. ಈಗ ಅದರ ಹೆಸರು ಕೆಲ್ಮಿಸ್. ಕಾಡಿನಲ್ಲಿ ಹಳೆಯ ಗಡಿಕಲ್ಲುಗಳು ಈಗಲೂ ನಿಂತಿವೆ, ಪಾಚಿ ಕಟ್ಟಿಕೊಂಡು.

ಬೆಟ್ಟದ ಮೇಲಿನ ಮೂರು ದೇಶಗಳ ಕಂಬದ ಸುತ್ತ ಒಂದು ಮಗು ಓಡುತ್ತಿತ್ತು. ಎರಡು ನಿಮಿಷದಲ್ಲಿ ಅದು ದಾಟಿದಷ್ಟು ಗಡಿಗಳನ್ನು ನಾನು ಜನ್ಮದಲ್ಲಿ ದಾಟಿಲ್ಲ.

ಕೆಲ್ಮಿಸ್ ದಾಟಿ ಓಯ್ಪೆನ್ನಿಗೆ ಬಂದರೆ ಬೆಲ್ಜಿಯಂ ದೇಶ, ಆದರೆ ಅಂಗಡಿ ಬೋರ್ಡೆಲ್ಲ ಜರ್ಮನ್ ಭಾಷೆಯಲ್ಲಿ. 1920ಕ್ಕೆ ಮೊದಲು ಇದು ಜರ್ಮನಿ. ಜನ ಮನೆ ಬದಲಿಸಲಿಲ್ಲ, ದೇಶವೇ ಬದಲಾಯಿತು. ಈಗ ಈ ಜರ್ಮನ್ ಮಾತಾಡುವ ಸುಮಾರು 80 ಸಾವಿರ ಜನಕ್ಕೆ ತಮ್ಮದೇ ಸಣ್ಣ ಸಂಸತ್ತು ಇದೆ, ಶಾಲೆಗಳು ಅವರ ಭಾಷೆಯಲ್ಲೇ ನಡೆಯುತ್ತವೆ. ಕನ್ನಡ ಮರಾಠಿ ಎರಡೂ ಬೆರೆತ ಸಂತೆಯಲ್ಲಿ ಬೆಳೆದ ನನಗೆ ಆ ಊರಿನಲ್ಲಿ ಇನ್ನಷ್ಟು ಹೊತ್ತು ನಿಲ್ಲಬೇಕೆನಿಸಿತು. ಮಗಳು ಗಡಿಯಾರ ತೋರಿಸಿದಳು.

ಓಯ್ಪೆನ್ನಿಂದಾಚೆ ರಸ್ತೆ ಕಾಡಿನೊಳಗೆ ಏರುತ್ತದೆ. ಆಮೇಲೆ ಮರಗಳು ಮುಗಿದು ಕಣ್ಣು ಹಾಯುವಷ್ಟು ದೂರ ಜೌಗು ಬಯಲು. ಮೇ ತಿಂಗಳ ಕೊನೆಯಲ್ಲೂ ಗಾಳಿ ಕತ್ತಿಯಂತೆ. ಅಷ್ಟು ಹೊತ್ತಿಗೆ ನನಗೆ ವಾಲುವುದು ರೂಢಿಯಾಗಿತ್ತು. ತಿರುವಿನಲ್ಲಿ ಮೊದಮೊದಲು ನಾನು ನೆಟ್ಟಗೆ ಕೂತು ಗಾಡಿಯನ್ನು ಎದುರಿಗೆ ಎಳೆಯುತ್ತಿದ್ದೆ, ಮಗಳು ಹಲ್ಲು ಕಚ್ಚಿ ಸಂಭಾಳಿಸುತ್ತಿದ್ದಳು. ಈಗ ಅವಳ ಭುಜದ ಮೇಲಿಂದ ಮುಂದಿನ ತಿರುವು ನೋಡುತ್ತಾ ಹೋದರೆ ಮೈ ತಾನಾಗಿಯೇ ಬಾಗುತ್ತಿತ್ತು. ರಸ್ತೆ ಬದಿಗೆ ಹಳದಿ ಹೂವಿನ ಪೊದೆಗಳು. ಅರ್ಧ ಗಂಟೆಯಲ್ಲಿ ಎದುರಿಗೆ ಬಂದದ್ದು ನಾಲ್ಕೈದು ಕಾರು, ಒಂದು ಹಾಲಿನ ಟ್ಯಾಂಕರು.

ಮುಂದೆ ಮ್ಯೂಟ್ಸೆನಿಶ್ ಎಂಬ ಹಳ್ಳಿ. ಇದು ಜರ್ಮನಿಯದು, ಆದರೆ ಸುತ್ತ ಬೆಲ್ಜಿಯಂ! ಕಾರಣ ಒಂದು ರೈಲು ದಾರಿ. ಮೊದಲ ಯುದ್ಧದ ನಂತರ ಇಲ್ಲಿನ ಫೆನ್‌ಬಾನ್ ರೈಲು ಮಾರ್ಗವನ್ನು, ಹಳಿ ಹಾಸಿದ ನೆಲದ ಸಮೇತ, ಬೆಲ್ಜಿಯಮ್ಮಿಗೆ ಕೊಟ್ಟರು. ಹಾಗಾಗಿ ಹಳಿಯ ಪಶ್ಚಿಮಕ್ಕಿದ್ದ ಕೆಲವು ಜರ್ಮನ್ ಊರುಗಳು ದ್ವೀಪಗಳಾಗಿ ಉಳಿದವು. ಈಗ ರೈಲು ಇಲ್ಲ, ಹಳಿ ಕಿತ್ತು ಸೈಕಲ್ ದಾರಿ ಮಾಡಿದ್ದಾರೆ. ಆಖೆನ್ನಿಂದ ಲಕ್ಸೆಂಬರ್ಗಿನವರೆಗೆ ಸುಮಾರು 125 ಕಿಲೋಮೀಟರ್. ನೆಲ ಮಾತ್ರ ಇವತ್ತಿಗೂ ಬೆಲ್ಜಿಯಮ್ಮಿನದು. ಬೈಕು ಅದನ್ನು ದಾಟುವಾಗ ನಾನು "ಬೆಲ್ಜಿಯಂ" ಅನ್ನುವಷ್ಟರಲ್ಲಿ ಜರ್ಮನಿ ಬಂದುಬಿಟ್ಟಿತ್ತು.

ಇದು ಕಳ್ಳಸಾಗಣೆಗೆ ಹೆಸರಾದ ಸೀಮೆ. ಸಾಗಿಸಿದ್ದು ಚಿನ್ನವಲ್ಲ, ಕಾಫಿ ಬೀಜ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಕಾಫಿಗೆ ವಿಪರೀತ ತೆರಿಗೆ, ಬೆಲ್ಜಿಯಮ್ಮಿನಲ್ಲಿ ಅಗ್ಗ. ಊಟಕ್ಕೇ ಗತಿಯಿಲ್ಲದ ಕಾಲ. ರಾತ್ರಿ ಈ ಜೌಗಿನಲ್ಲಿ ಬೆನ್ನಿಗೆ ಮೂಟೆ ಕಟ್ಟಿಕೊಂಡು ಜನ ದಾಟುತ್ತಿದ್ದರು, ಮಕ್ಕಳೂ ಗುಂಪುಗುಂಪಾಗಿ ಓಡುತ್ತಿದ್ದರು. ಕಾವಲಿನವರು ಗುಂಡು ಹಾರಿಸಿ ಹಲವರು ಸತ್ತರು. ದೊಡ್ಡ ಕಳ್ಳರು ಕಾರಿನಲ್ಲಿ ಸಾಗಿಸುತ್ತಾ ಬೆನ್ನಟ್ಟಿದವರ ಟಯರಿಗೆ ಕಬ್ಬಿಣದ ಮುಳ್ಳು ಚೆಲ್ಲುತ್ತಿದ್ದರು. ಸುಂಕದವರು ತಮ್ಮ ಪೋರ್ಷೆ ಕಾರಿನ ಮುಂದೆ ಪೊರಕೆ ಕಟ್ಟಿಕೊಂಡು ಮುಳ್ಳು ಗುಡಿಸುತ್ತಲೇ ಬೆನ್ನಟ್ಟಿದರು! 1953ರಲ್ಲಿ ತೆರಿಗೆ ಇಳಿಸಿದ ಮೇಲೆ ಈ ಧಂದೆ ತಣ್ಣಗಾಯಿತು. ಹತ್ತಿರದ ಶ್ಮಿಟ್ ಎಂಬ ಹಳ್ಳಿಯಲ್ಲಿ ಯುದ್ಧದಲ್ಲಿ ಹಾಳಾದ ಚರ್ಚನ್ನು ಮತ್ತೆ ಕಟ್ಟಲು ಕಾಫಿಯ ದುಡ್ಡೂ ಬಂದಿತ್ತಂತೆ. ಅದಕ್ಕೆ ಜನ ಇಟ್ಟ ಅಡ್ಡಹೆಸರು "ಸಂತ ಮೋಕಾ".

ಮಗಳು ಇದನ್ನೆಲ್ಲ ಹೇಳುವಾಗ ನಾನು ಕಾವಲಿನವರ ಪರ ವಾದಿಸುತ್ತಿದ್ದೆ. ಹಳೆಯ ಚಾಳಿ. "ಕಾಗದ ಇಲ್ಲದವ್ರನ್ನ ಬಿಡಾಕ ಬರ್ತದೇನವಾ?" ಅನ್ನುತ್ತಾ ಅಭ್ಯಾಸದಂತೆ ಸೊಂಟ ಮುಟ್ಟಿಕೊಂಡೆ.

ಪೌಚು ಇಲ್ಲ. ಪೌಚಿನೊಳಗೆ ಪಾಸ್‌ಪೋರ್ಟು.

ಗಡಿಯಲ್ಲಿ ಗಂಬವಿಲ್ಲ ನಿಜ. ಆದರೆ ವೀಸಾದ ಮೇಲೆ ಬಂದ ನಮ್ಮಂಥವರು ಪಾಸ್‌ಪೋರ್ಟನ್ನು ಜೊತೆಗೇ ಇಟ್ಟುಕೊಳ್ಳಬೇಕು. ಅದರ ಮೇಲೆ 2024ರ ಸೆಪ್ಟೆಂಬರಿನಿಂದ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲೂ ಮತ್ತೆ ತಪಾಸಣೆ ಶುರು ಮಾಡಿತ್ತು. ಎಲ್ಲ ಕಡೆ ಅಲ್ಲ, ಎಲ್ಲ ಹೊತ್ತಿನಲ್ಲೂ ಅಲ್ಲ, ಎಲ್ಲೋ ಒಂದು ಕಡೆ ಪೊಲೀಸರು ನಿಂತಿರುತ್ತಾರೆ. ಹೇಳಿದರೆ ಮಗಳು ಗಾಡಿ ತಿರುಗಿಸುತ್ತಾಳೆ, ಅವಳು ವಾರಗಟ್ಟಲೆ ಯೋಚಿಸಿದ ದಿನ ಹಾಳು. ಹೇಳಲಿಲ್ಲ.

ಮೊನ್‌ಶೌ ಊರಿನ ಮರದ ಪಟ್ಟಿಗಳ ಹಳೆಯ ಮನೆಗಳು ಚೆನ್ನಾಗಿದ್ದವಂತೆ. ಫೋಟೊ ಇದೆ, ನನಗೆ ನೋಡಿದ ನೆನಪಿಲ್ಲ. ಸಾಂಕ್ಟ್ ಫಿಟ್ ಕೂಡ ಹಾಗೇ ಹೋಯಿತು. ಎಲ್ಲಿಯೂ ಯಾರೂ ತಡೆಯದ ಆ ದಾರಿಯಲ್ಲಿ ನಾನೊಬ್ಬ ಮಾತ್ರ ಪ್ರತಿ ತಿರುವಿನಲ್ಲೂ ಗಂಬ ಕಾಣುತ್ತಾ ಹೋದೆ.

ಮಧ್ಯಾಹ್ನ ಒಂದೂವರೆಗೆ ಎರಡನೇ ಮೂಲೆ. ನದಿಯ ಹೆಸರು ಊರ್, ದಡದ ಬೆಲ್ಜಿಯಂ ಹಳ್ಳಿಯ ಹೆಸರು ಊರೆನ್. ಕನ್ನಡದವರಿಗೆ ಮರೆಯಲು ಸಾಧ್ಯವೇ ಇಲ್ಲ. ಮೂರು ದೇಶ ಕೂಡುವ ಹುಲ್ಲುಗಾವಲಿನಲ್ಲಿ, ಯುರೋಪ್ ಒಂದಾಗುವುದಕ್ಕೆ ದುಡಿದ ನಾಯಕರ ನೆನಪಿಗೆ 1977ರಲ್ಲಿ ನಿಲ್ಲಿಸಿದ ದೊಡ್ಡ ಬಂಡೆಗಳಿವೆ. ಅದರ ನೆರಳಿನಲ್ಲಿ ಚಪಾತಿ ಬಿಚ್ಚಿದೆವು. ಚಟ್ನಿಪುಡಿ ನೆತ್ತಿಗೇರಿ ಕೆಮ್ಮಿದೆ. ಮಗಳು ನೀರು ಕೊಡುತ್ತಾ ಮುಖ ನೋಡಿದಳು.

"ಏನಾಗೇತಿ? ಹತ್ತೂವರಿಯಿಂದ ನೀ ಮಾತೇ ಆಡಿಲ್ಲ."

ಹೇಳಿದೆ.

ಅವಳಿಗೆ ಸಿಟ್ಟು ಬಂತು. ಪಾಸ್‌ಪೋರ್ಟ್ ಬಿಟ್ಟುಬಂದದ್ದಕ್ಕಲ್ಲ. "ಆಗ ಹೇಳಿದ್ರ ಅರ್ಧ ತಾಸಿನ್ಯಾಗ ಹೋಗಿ ತರತಿದ್ವಿ. ಮುಚ್ಚಿಟ್ಟದ್ದು ಯಾಕ? ನಾ ಬೈತೀನಂತ ಅಂಜಿಕೇನು?" ನಾನು ಚಪಾತಿ ಮಡಚುತ್ತಾ ಕೂತೆ. ಬೈಕ್ ಬೇಡ ಎಂದು ನಾನು ಬೈದ ದಿನ ಅವಳೂ ಹೀಗೇ ತಲೆ ತಗ್ಗಿಸಿ ತಟ್ಟೆ ನೋಡುತ್ತಾ ಕೂತಿದ್ದಳು.

ಆಮೇಲೆ ಅವಳು ತಾಯಿಗೆ ಫೋನ್ ಮಾಡಿ ಪಾಸ್‌ಪೋರ್ಟಿನ ಫೋಟೊ ಕಳಿಸಲು ಹೇಳಿದಳು. ಮೊದಲ ಫೋಟೊದಲ್ಲಿ ಹೆಬ್ಬೆರಳು ಬಂತು. ಎರಡನೆಯದರಲ್ಲಿ ಅಡುಗೆಮನೆಯ ಟೈಲ್ಸು. ಐದನೆಯದರಲ್ಲಿ ಫೋಟೊ ಪುಟ, ಏಳನೆಯದರಲ್ಲಿ ವೀಸಾ. ಫೋಟೊ ದಾಖಲೆಯಲ್ಲ, ಅದು ಇಬ್ಬರಿಗೂ ಗೊತ್ತು. ಹಿಂದಕ್ಕೆ ಹೋಗೋಣವೇ ಎಂದು ಕೇಳಿದೆ. ಹಿಂದೆ ಹೋದರೂ ಜರ್ಮನಿಯ ಗಡಿ ದಾಟಲೇಬೇಕು, ಮುಂದೆ ಹೋದರೂ ದಾಟಲೇಬೇಕು ಎಂದು ಅವಳು ಹೆಲ್ಮೆಟ್ ಹಾಕಿಕೊಂಡಳು. ತರ್ಕ ಸರಿಯಾಗಿತ್ತೋ ಇಲ್ಲವೋ, ನಾನು ಹತ್ತಿ ಕೂತೆ.

ಅಲ್ಲಿಂದಾಚೆಗಿನ ರಸ್ತೆಯೇ ಇಡೀ ದಿನದ ಸೊಗಸು. ಲಕ್ಸೆಂಬರ್ಗಿನ ಎನ್10 ರಸ್ತೆ ಗಡಿಯ ನದಿಗಳನ್ನೇ ಹಿಡಿದು ಸಾಗುತ್ತದೆ. ಮೊದಲು ಊರ್, ಅದು ಸೌವರ್ ನದಿಗೆ ಸೇರುತ್ತದೆ, ಸೌವರ್ ಮೊಸೆಲ್‌ಗೆ. ಎಡಕ್ಕೆ ನೀರು, ನೀರಿನಾಚೆ ಜರ್ಮನಿ. ಈ ನೀರು ಯಾರದು? ಮೊರೆಸ್ನೆಟ್ ಹುಟ್ಟಿದ ಅದೇ 1816ರ ಒಪ್ಪಂದ ಇದಕ್ಕೂ ಉತ್ತರ ಕೊಟ್ಟಿದೆ: ಇಬ್ಬರದೂ. ನಡುವೆ ಗೆರೆಯಿಲ್ಲ, ಇಡೀ ನದಿ ಎರಡೂ ದೇಶಗಳ ಜಂಟಿ ಆಸ್ತಿ. ಮೊರೆಸ್ನೆಟ್ ಹೋಯಿತು, ಈ ಏರ್ಪಾಡು ಇನ್ನೂ ಇದೆ. ಅಂಗಡಿಯವರು ಇಲ್ಲಿ "ಮೊಯೆನ್" ಎಂದು ನಮಸ್ಕಾರ ಹೇಳುತ್ತಾರೆ, ಮಧ್ಯಾಹ್ನವಾದರೂ. ಪೆಟ್ರೋಲ್ ನೆರೆಯವರಿಗಿಂತ ಅಗ್ಗವಾದ್ದರಿಂದ ಗಡಿಯ ಬಂಕುಗಳಲ್ಲಿ ಜರ್ಮನ್ ಕಾರುಗಳ ಸಾಲು. ನಾವೂ ಟ್ಯಾಂಕು ತುಂಬಿಸಿದೆವು.

ವಿಯಾಂಡೆನ್ನಿನಲ್ಲಿ ಕೋಟೆಯ ಕೆಳಗೆ ಸೇತುವೆ, ಸೇತುವೆ ಪಕ್ಕ ವಿಕ್ಟರ್ ಹ್ಯೂಗೊ ಇದ್ದ ಮನೆ. 1871ರಲ್ಲಿ ಪ್ಯಾರಿಸ್ ದಂಗೆಯಿಂದ ತಪ್ಪಿಸಿಕೊಂಡು ಬಂದವರಿಗೆ ತನ್ನ ಮನೆಯಲ್ಲಿ ಆಶ್ರಯ ಕೊಡುತ್ತೇನೆ ಎಂದದ್ದಕ್ಕೆ ಬೆಲ್ಜಿಯಂ ಅವನನ್ನು ಹೊರಹಾಕಿತು. ಗಡಿ ದಾಟಿ ಈ ಊರಿಗೆ ಬಂದು ಬೇಸಿಗೆ ಕಳೆದ. ಮಗಳು ಐಸ್‌ಕ್ರೀಂ ಕೊಡಿಸಿದಳು. ಸಿಟ್ಟು ಇಳಿದಿತ್ತು.

ಆರು ಗಂಟೆಗೆ ಷೆಂಗೆನ್. ಇಷ್ಟು ದೊಡ್ಡ ಹೆಸರಿನ ಊರು ನೋಡಿದರೆ ನಮ್ಮ ಒಂದು ಓಣಿಯಷ್ಟು. ಬೆಟ್ಟದಿಳಿಜಾರಿನಲ್ಲಿ ದ್ರಾಕ್ಷಿ ತೋಟ, ಕೆಳಗೆ ಮೊಸೆಲ್. 1985ರ ಜೂನ್ 14ರಂದು ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್, ಪಶ್ಚಿಮ ಜರ್ಮನಿ, ಫ್ರಾನ್ಸ್ ಐದೂ ದೇಶಗಳ ಪ್ರತಿನಿಧಿಗಳು ಇಲ್ಲಿ ಪ್ರಿನ್ಸೆಸ್ ಮರಿ ಆಸ್ಟ್ರಿಡ್ ಎಂಬ ಪ್ರವಾಸಿ ಹಡಗಿನ ಮೇಲೆ ಕೂತು ಸಹಿ ಹಾಕಿದರು. ನೋಡಿ, ನಾವು ಅವತ್ತು ಸುತ್ತಿದ ದೇಶಗಳೂ ಅವೇ ಐದು. ಗಡಿಯ ತಪಾಸಣೆ ನಿಜಕ್ಕೂ ನಿಂತದ್ದು ಹತ್ತು ವರ್ಷ ಕಳೆದು, 1995ರ ಮಾರ್ಚಿನಲ್ಲಿ. ಆ 1995ರಲ್ಲಿ ನಾನು ಚೆಕ್‌ಪೋಸ್ಟಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆ.

ಸೇತುವೆ ದಾಟಿದರೆ ಜರ್ಮನಿಯ ಪೆರ್ಲ್, ಎರಡು ಹೆಜ್ಜೆ ಮುಂದೆ ಫ್ರಾನ್ಸಿನ ಅಪಾಶ್. ಸೇತುವೆಯ ಮೇಲೆ ಯಾರೂ ಇರಲಿಲ್ಲ. ಅಪಾಶ್‌ನಲ್ಲಿ ಐದನೇ ದೇಶದ ನೆಲ ಮುಟ್ಟಿ, ಒಂದು ಫೋಟೊ ತೆಗೆದುಕೊಂಡು, ವಾಪಸ್ ಪೆರ್ಲ್‌ಗೆ ಹೊರಟೆವು. ಅಲ್ಲಿ ನಿಂತಿದ್ದರು. ಒಂದು ವ್ಯಾನು, ಇಬ್ಬರು ಪೊಲೀಸರು. ಕೈ ಅಡ್ಡ ಬಂತು.

ಅದೇ ಕೈ. ಮೊಣಕೈ ಸ್ವಲ್ಪ ಮಡಚಿ, ಬೆರಳು ಬಿಡಿಸಿ. ನಾನೂ ಹಾಗೇ ಹಿಡಿಯುತ್ತಿದ್ದೆ.

ಮಗಳು ತನ್ನ ಕಾಗದ ಕೊಟ್ಟು, ನನ್ನ ವಿಷಯ ಜರ್ಮನ್‌ನಲ್ಲಿ ವಿವರಿಸಿ ಫೋನ್ ಮುಂದೆ ಮಾಡಿದಳು. ಪೊಲೀಸ್ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳಿರಬೇಕು, ಫೋಟೊ ನೋಡಿ ನನ್ನನ್ನು ನೋಡಿದಳು. ಹೆಲ್ಮೆಟ್ ತೆಗೆಯಲು ಹೇಳಿದಳು. ಫೋನ್ ಹಿಡಿದು ವ್ಯಾನಿನೊಳಗೆ ಹೋದಳು.

ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆ. ಆಗ ನೆನಪಾದದ್ದು ಒಂದು ಕಿತ್ತಳೆ ಹಣ್ಣಿನ ಲಾರಿ. ನಾಗಪುರದ ಕಡೆಯಿಂದ ಬಂದದ್ದು. ಕಾಗದಗಳಲ್ಲಿ ಒಂದು ಇರಲಿಲ್ಲ. "ಸಾಹೇಬ್, ಆಫೀಸಿನಲ್ಲೇ ಉಳಿದಿದೆ, ಫೋನ್ ಮಾಡಿ ಕೇಳಿ" ಎಂದು ಡ್ರೈವರ್ ಮುರುಕು ಕನ್ನಡದಲ್ಲಿ ಕೈ ಮುಗಿದ. ಕಾಗದ ಇಲ್ಲದೆ ಗಂಬ ಏಳುವುದಿಲ್ಲ ಎಂದೆ. ಮೇಜಿನ ಮೇಲೆ ಫೋನ್ ಇತ್ತು. ನಾನು ಮಾಡಲಿಲ್ಲ. ಒಂದು ರಾತ್ರಿ, ಮರುದಿನ ಮಧ್ಯಾಹ್ನದವರೆಗೆ ಲಾರಿ ಬಿಸಿಲಿನಲ್ಲಿ ನಿಂತಿತ್ತು. ಹಿಂದಿನ ಹಲಗೆಯಿಂದ ರಸ ತೊಟ್ಟಿಕ್ಕುತ್ತಿತ್ತು, ನೊಣ ಮುತ್ತಿತ್ತು. ಕಾಗದ ಬಂತು, ಮುದ್ರೆ ಒತ್ತಿದೆ. ಹೋಗುವಾಗ ಅವನು ಏನೂ ಅನ್ನದೆ ನಾಲ್ಕು ಹಣ್ಣು ಮೇಜಿನ ಮೇಲಿಟ್ಟು ಹೋದ. ಕೆಡದ ಹಣ್ಣು ಆರಿಸಿ ಇಟ್ಟಿದ್ದ. ಕಾನೂನಿನಲ್ಲಿ ನನ್ನದೇನೂ ತಪ್ಪಿರಲಿಲ್ಲ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿದವನಲ್ಲ.

ಕಾಲು ಗಂಟೆಗೆ ಆ ಹುಡುಗಿ ಹೊರಬಂದಳು. ಕಂಪ್ಯೂಟರಿನಲ್ಲಿ ವೀಸಾ ಸಿಕ್ಕಿತಂತೆ. ಫೋನ್ ವಾಪಸ್ ಕೊಟ್ಟು, ಫೋಟೊ ನಡೆಯುವುದಿಲ್ಲ, ಮುಂದಿನ ಸಲ ಪಾಸ್‌ಪೋರ್ಟೇ ಬೇಕು ಎಂದು ಖಡಕ್ಕಾಗಿ ಹೇಳಿದಳು. ನಾನು ಕೈ ಮುಗಿದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ತಲೆ ಬಾಗಿಸಿ ದಾರಿ ಬಿಟ್ಟಳು.

ಹೆದ್ದಾರಿಗೆ ಬಂದ ಮೇಲೆ ಬಹಳ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಒಂಬತ್ತು ದಾಟಿದರೂ ಪಶ್ಚಿಮದಲ್ಲಿ ಬೆಳಕಿತ್ತು.

"ಏನ್ ವಿಚಾರ ಮಾಡಾಕತ್ತೀಯಪ್ಪಾ?" ಸ್ಪೀಕರಿನಲ್ಲಿ ದನಿ ಬಂತು.

"ಕಿತ್ತಳಿ ಹಣ್ಣು."

"ಹಸಿವಾತೇನು?"

ಹೂಂ ಅಂದೆ. ಮುಂದಿನ ಪೆಟ್ರೋಲ್ ಬಂಕಿನ ಬೆಂಚಿನ ಮೇಲೆ ಕೂತು ಉಳಿದ ಎರಡು ಚಪಾತಿ ತಿನ್ನುತ್ತಾ ಅವಳಿಗೆ ಲಾರಿಯ ಕಥೆ ಹೇಳಿದೆ. ಪೂರ್ತಿ ಕೇಳಿದಳು. ಏನೂ ಅನ್ನಲಿಲ್ಲ. ಜಾಕೆಟ್ಟಿನ ಕಾಲರನ್ನು ಮೇಲೆಳೆದು ನನ್ನ ಕುತ್ತಿಗೆ ಮುಚ್ಚಿ, "ಹತ್ತು, ಚಳಿ ಆಗತೈತಿ" ಎಂದಳು.

ಆಖೆನ್ ಮುಟ್ಟಿದಾಗ ಹನ್ನೊಂದು ದಾಟಿತ್ತು. ನನ್ನಾಕೆ ಸೋಫಾದ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದಳು. ಪೌಚು ಅವಳ ಕೊರಳಲ್ಲಿತ್ತು.